ಈ ಟೂಲ್ ಓಡೋದು ಯಾವ ಮೆಷಿನ್‌ನಲ್ಲಿ?

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ಮುಂದೆ ಕೂತು ಬೇರೆ ಪ್ರೊಸೆಸರ್ ಇರೋ ಬೋರ್ಡ್‌ಗೆ ಸಾಫ್ಟ್‌ವೇರ್ ಬಿಲ್ಡ್ ಮಾಡ್ತೀರಲ್ಲ, ಅಂದ್ರೆ ಕ್ರಾಸ್ ಕಂಪೈಲ್ ಮಾಡೋರು, ಇವತ್ತು ನಾನು ಮಾತಾಡ್ತಿರೋದು ನಿಮ್ಮ ಹತ್ರಾನೇ. ಹೇಳೋದು ಒಂದೇ ಮಾತು. ಪ್ಯಾಕೇಜ್ ಮ್ಯಾನೇಜರ್‌ಗೆ ಡಿಪೆಂಡೆನ್ಸಿ, ಅಂದ್ರೆ ನಿಮ್ಮ ಪ್ರೋಗ್ರಾಂಗೆ ಬೇಕಾದ ಬೇರೆ ಲೈಬ್ರರಿ ಅಥವಾ ಟೂಲ್, ಸೇರಿಸೋ ಮುಂಚೆ ಕೇಳ್ಕೊಳ್ಳಿ, ಇದು ಓಡೋದು ಎಲ್ಲಿ?

ಪ್ರೋಗ್ರಾಂ ಜೊತೆ ಬೋರ್ಡ್‌ಗೆ ಹೋಗೋ ಲೈಬ್ರರಿ, ಬೋರ್ಡ್‌ನ ಪ್ರೊಸೆಸರ್‌ಗೇ ಬಿಲ್ಡ್ ಆಗಬೇಕು. ಬಿಲ್ಡ್ ನಡೀವಾಗ ಕೆಲಸ ಮುಗಿಸಿ ಪಕ್ಕಕ್ಕೆ ಸರಿಯೋ ಟೂಲ್‌ಗಳು, ಸೀಮೇಕ್, ಬೈಸನ್, ಕೋಡ್ ಜನರೇಟರ್ ಇಂಥವು, ನಿಮ್ಮ ಲ್ಯಾಪ್‌ಟಾಪ್‌ಗೆ ಬಿಲ್ಡ್ ಆಗಿರಬೇಕು. ಅಷ್ಟೇ.

ನನಗೆ ಇದು ತಲೆಗೆ ಹತ್ತಿದ್ದು ಪ್ರೋಟೋಬಫ್‌ನಿಂದ, ಪ್ರೋಗ್ರಾಂಗಳ ನಡುವೆ ಡೇಟಾ ಕಳಿಸೋಕೆ ಬಳಸೋ ಪ್ಯಾಕೇಜ್ ಅದು. ಪ್ಯಾಕೇಜ್ ಒಂದೇ, ಒಳಗೆ ಇರೋದು ಎರಡು, ಒಂದು ಲೈಬ್ರರಿ, ಇನ್ನೊಂದು ಪ್ರೋಟಾಕ್ ಅನ್ನೋ ಕೋಡ್ ಜನರೇಟರ್. ಲೈಬ್ರರಿ ಬೋರ್ಡ್‌ಗೆ ಹೋಗುತ್ತೆ, ಪ್ರೋಟಾಕ್ ಇಲ್ಲೇ ಓಡಬೇಕು. ನಾನು ರೆಸಿಪಿಯಲ್ಲಿ, ಅಂದ್ರೆ ಏನೇನು ಬೇಕು ಅಂತ ಪ್ಯಾಕೇಜ್ ಮ್ಯಾನೇಜರ್‌ಗೆ ಹೇಳೋ ಫೈಲಿನಲ್ಲಿ, ಪ್ರೋಟೋಬಫ್ ಅಂತ ಒಂದೇ ಸಲ ಬರೆದು ಬಿಟ್ಟಿದ್ದೆ, ತಿಂಗಳುಗಟ್ಟಲೆ ಚೆನ್ನಾಗೇ ನಡೀತು, ಯಾಕಂದ್ರೆ ಆಗ ಬಿಲ್ಡ್ ಮಾಡೋದೂ ಓಡಿಸೋದೂ ಒಂದೇ ಥರದ ಮೆಷಿನ್, ತಪ್ಪು ಹೊರಗೆ ಬರೋಕೆ ದಾರೀನೇ ಇರಲಿಲ್ಲ. ಆಮೇಲೆ ಆರ್ಮ್ ಪ್ರೊಸೆಸರ್ ಇರೋ ಬೋರ್ಡ್ ಬಂತು. ಬಿಲ್ಡ್ ಶುರು ಮಾಡಿದ ತಕ್ಷಣ 'ಎಕ್ಸೆಕ್ ಫಾರ್ಮ್ಯಾಟ್ ಎರರ್'. ಪ್ರೋಟಾಕ್ ಕೂಡ ಆರ್ಮ್‌ಗೇ ಬಿಲ್ಡ್ ಆಗಿತ್ತು, ಇಂಟೆಲ್ ಲ್ಯಾಪ್‌ಟಾಪ್ ಅದನ್ನ ಹೇಗೆ ಓಡಿಸೀತು ಹೇಳಿ? ಸರಿ, ಸಿಸ್ಟಮ್‌ನಲ್ಲಿ ಮೊದಲೇ ಇದ್ದ ಪ್ರೋಟಾಕ್ ಕಡೆ ಪಾತ್ ತಿರುಗಿಸಿದೆ. ಎರರ್ ಹೋಯ್ತು, ಇನ್ನೊಂದು ಬಂತು, ಜನರೇಟ್ ಆದ ಫೈಲಿನ ವರ್ಶನ್ ಬೇರೆ, ಲೈಬ್ರರಿ ಹೆಡರ್‌ನ ವರ್ಶನ್ ಬೇರೆ ಅಂತ ಕಂಪೈಲರ್ ಅಲ್ಲೇ ನಿಲ್ಲಿಸಿಬಿಡ್ತು. ಆಗ ಜೊತೆಗಿದ್ದವರೊಬ್ಬರು ಬೇರೆ ಪ್ರೊಸೆಸರ್‌ನ ಪ್ರೋಗ್ರಾಂಗಳನ್ನ ಓಡಿಸೋ ಕ್ಯೂಎಮು ಹಾಕಿ ಆರ್ಮ್ ಪ್ರೋಟಾಕನ್ನೇ ಓಡಿಸಿದ್ರು, ಓಡ್ತು, ಎಲ್ಲರಿಗೂ ಖುಷಿ. ಮಾರನೇ ದಿನ ಬಿಲ್ಡ್ ಸರ್ವರ್‌ನಲ್ಲಿ ಕ್ಯೂಎಮು ಇಲ್ಲ, ಮತ್ತೆ ಅದೇ ಎರರ್! ಕೊನೆಗೆ ಮಾಡಿದ್ದು ಏನು ಗೊತ್ತಾ, ಪ್ರೋಟೋಬಫ್ ಅಂತ ಎರಡು ಸಲ ಬರೆದೆ. ಲೈಬ್ರರಿಯಾಗಿ ಒಂದು ಸಲ, ಟೂಲ್ ಆಗಿ ಒಂದು ಸಲ, ವರ್ಶನ್ ಎರಡಕ್ಕೂ ಒಂದೇ. ಒಂದು ಸಾಲಿನ ಕೆಲಸ, ಅದಕ್ಕೆ ಎರಡು ದಿನ ಹೋಗಿತ್ತು.

ಎರಡು ಸಲ ಯಾಕೆ ಬರೀಬೇಕು ಅಂತ ಇವತ್ತಿಗೂ ಕೇಳ್ತಾರೆ. ಓಡೋದು ಎರಡು ಕಡೆ, ಅದಕ್ಕೆ. ದಯವಿಟ್ಟು ಬರೀರಿ.

ಟೈಮ್ ಕಮ್ಮಿ ಇದೆ, ಟೂಲ್ ಅಂತ ಬೇರೆ ಬರೆಯೋದು ಯಾವ ಪ್ಯಾಕೇಜ್ ಮ್ಯಾನೇಜರ್, ಬಿಲ್ಡ್ ಸಿಸ್ಟಮ್‌ನಲ್ಲಿ ಹೇಗೆ ಅಂತ ಬೇಗ ಹೇಳ್ತೀನಿ. ಕಾನನ್‌ನಲ್ಲಿ ಟೂಲ್ ರಿಕ್ವೈರ್ಸ್ ಇದೆ, 2023ರಲ್ಲಿ ಬಂದ ಕಾನನ್ 2ರಿಂದ ಬಿಲ್ಡ್‌ಗೊಂದು ಹೋಸ್ಟ್‌ಗೊಂದು ಪ್ರೊಫೈಲ್, ಅಂದ್ರೆ ಮೆಷಿನ್ ವಿವರ, ಯಾವಾಗಲೂ ಇರುತ್ತೆ. ನಿಕ್ಸ್‌ನಲ್ಲಿ ಟೂಲ್ ಹೋಗೋದು ನೇಟಿವ್ ಬಿಲ್ಡ್ ಇನ್‌ಪುಟ್ಸ್‌ಗೆ, ಜೊತೆಗೆ ಸ್ಟ್ರಿಕ್ಟ್ ಡೆಪ್ಸ್ ಅನ್ನೋ ಸೆಟ್ಟಿಂಗ್ ಆನ್ ಮಾಡಿ, ನನ್ನ ಥರದ ತಪ್ಪು ಒಂದೇ ಮೆಷಿನ್‌ನಲ್ಲಿ ಬಿಲ್ಡ್ ಮಾಡುವಾಗಲೇ ಸಿಕ್ಕಿಬೀಳುತ್ತೆ. ಯೋಕ್ಟೋದಲ್ಲಿ ಹೆಸರಿನ ಕೊನೆಗೆ ನೇಟಿವ್ ಅಂತ ಬರುತ್ತೆ. ಒಂದು ಕಡೆ ಮಾತ್ರ ಹುಷಾರು, ಕಾನನ್‌ನಲ್ಲಿ ಹೋಸ್ಟ್ ಅಂದ್ರೆ ಪ್ರೋಗ್ರಾಂ ಕೊನೆಗೆ ಓಡೋ ಮೆಷಿನ್, ವಿಸಿಪ್ಯಾಕೇಜ್ ಅನ್ನೋ ಇನ್ನೊಂದು ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಹೋಸ್ಟ್ ಅಂದ್ರೆ ಬಿಲ್ಡ್ ಮಾಡೋ ಮೆಷಿನ್, ಪೂರ್ತಿ ಉಲ್ಟಾ. ಹೆಸರು ನೋಡಿ ಊಹೆ ಮಾಡಬೇಡಿ, ಓಡೋದು ಎಲ್ಲಿ ಅಂತ ಕೇಳಿ.

ಡೌಟ್ ಬಂದ್ರೆ ಆ ಟೂಲ್ ಮೇಲೆ ಫೈಲ್ ಅನ್ನೋ ಕಮಾಂಡ್ ಹಾಕಿ, ಯಾವ ಪ್ರೊಸೆಸರ್‌ಗೆ ಬಿಲ್ಡ್ ಆಗಿದೆ ಅಂತ ಒಂದೇ ಸಾಲಲ್ಲಿ ಹೇಳುತ್ತೆ. ನಾನು ಅವತ್ತು ಅದನ್ನ ಹಾಕಿದ್ದು ಎರಡನೇ ದಿನ ಸಂಜೆ. ನೀವು ಮೊದಲ ನಿಮಿಷಕ್ಕೇ ಹಾಕಿ. ನಮಸ್ಕಾರ.