10 ನಿಮಿಷ ಓಡಿ ನಿಲ್ಲುವ ಟ್ರಾಕ್ಟರ್: ಮೆಕ್ಯಾನಿಕ್ ಕೆಲಸದ ಒಂದು ದಿನ

ನಮಸ್ಕಾರ ಎಲ್ಲರಿಗೂ. ಬೆಳಕು ಹರಿಯುವ ಮುಂಚೆಯೇ ಫೋನ್ ಬಂತು. "ಅಣ್ಣಾ, ಸ್ಟಾರ್ಟ್ ಆಗುತ್ತೆ, 10 ನಿಮಿಷ ಓಡುತ್ತೆ, ಆಮೇಲೆ ಕೆಮ್ಮಿ ನಿಂತುಬಿಡುತ್ತೆ." ಹೊಲ ಅರ್ಧಕ್ಕೆ ನಿಂತಿದೆ, ಮೋಡ ಬೇರೆ ಕವಿದಿದೆ. ಟೂಲ್ ಬಾಕ್ಸ್ ಬೈಕಿಗೆ ಕಟ್ಟಿಕೊಂಡು ಹೊರಟೆ. ವಿಡಿಯೋದಲ್ಲಿ ದಾರಿ ನೀವೇ ನೋಡ್ತಿದ್ದೀರಿ.

ಓಡಿ ಓಡಿ ನಿಲ್ಲುತ್ತದೆ ಅಂದರೆ ನನಗೆ ಮೊದಲ ಅನುಮಾನ ಏರ್ ಮೇಲೆ, ಅಂದರೆ ಡೀಸೆಲ್ ಲೈನಿಗೆ ಸೇರಿಕೊಂಡ ಗಾಳಿ ಮೇಲೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಕಿಡಿ ಇಲ್ಲ. ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ, ಆ ಬಿಸಿ ಗಾಳಿಗೆ ನಾಝಲ್ ಡೀಸೆಲ್ ಚಿಮ್ಮಿಸಬೇಕು. ಲೈನಿನಲ್ಲಿ ಏರ್ ಸೇರಿದರೆ ಪಂಪಿನ ಒತ್ತಡವೆಲ್ಲ ಆ ಗುಳ್ಳೆ ಹಿಂಡುವುದಕ್ಕೇ ಹೋಗುತ್ತದೆ. ನಾಝಲ್ ತೆರೆಯುವುದೇ ಇಲ್ಲ.

ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ ಕೈ ಪಂಪ್ ಒತ್ತಿದೆ. ಕ್ಯಾಮೆರಾ ಹತ್ತಿರ ತಂದಿದ್ದೇನೆ, ನೋಡಿ. ಮೊದಲು ಬುಸ್ ಅಂತ ಗಾಳಿ, ಆಮೇಲೆ ಸೋಪಿನ ನೊರೆ ತರ ಡೀಸೆಲ್, ಕೊನೆಗೆ ಗುಳ್ಳೆ ಇಲ್ಲದ ತಿಳಿ ಧಾರೆ. ಸ್ಕ್ರೂ ಬಿಗಿ ಮಾಡಿ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಹಿಡಿಯಿತು. ಯಜಮಾನರಿಗೆ ಖುಷಿ, ನನಗಿಲ್ಲ. ಏರ್ ತೆಗೆದದ್ದು ಸರಿ, ಅದು ಬಂದದ್ದು ಎಲ್ಲಿಂದ? 12 ನಿಮಿಷಕ್ಕೆ ಮತ್ತೆ ನಿಂತಿತು.

ಮಧ್ಯಾಹ್ನದ ತನಕ ಇದೇ ಪಾಡು. ಎಲ್ಲೂ ಒಂದು ಹನಿ ಸೋರಿಲ್ಲ, ಅದೇ ಸಂಕಟ. ಟ್ಯಾಂಕಿನಿಂದ ಬರುವ ಡೀಸೆಲನ್ನು ಫೀಡ್ ಪಂಪ್ ಎಳೆದುಕೊಳ್ಳುತ್ತದೆ. ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಒರೆಸಿ ನೋಡಿದರೂ ಒಣಗಿಯೇ ಇರುತ್ತದೆ. ಕೊನೆಗೆ ಒಂದು ಕ್ಯಾನಿಗೆ ಡೀಸೆಲ್ ತುಂಬಿ ಮೇಲೆ ಕಟ್ಟಿ, ಬೇರೆ ಪೈಪಿನಲ್ಲಿ ನೇರ ಪಂಪಿಗೆ ಕೊಟ್ಟೆ. 30 ನಿಮಿಷ ಓಡಿತು, ಕೆಮ್ಮಲೇ ಇಲ್ಲ! ಅಂದರೆ ಪಂಪ್, ನಾಝಲ್ ಎಲ್ಲ ಸರಿಯಿದೆ. ತಪ್ಪು ಹಳೇ ಪೈಪಿನ ಕಡೆ. ಹಿಂದೆ ಯಾರೋ ನೋಡಿ, ಪಂಪ್ ಪೂರ್ತಿ ಬದಲಿಸಬೇಕು ಅಂದಿದ್ದರಂತೆ. ಕೇಳಿ ಕೋಪ ಬಂತು. ಬೆಳೆ ನಂಬಿ ಬದುಕುವವರಿಗೆ ಅಷ್ಟು ದೊಡ್ಡ ಖರ್ಚು ಹೇಳುವ ಮುಂಚೆ ಒಂದು ಕ್ಯಾನ್ ಕಟ್ಟಿ ನೋಡಬಾರದಾ?

ಇಗೋ, ಸಿಕ್ಕಿತು. ಹಳೇ ಪೈಪಿನ ಜಾಯಿಂಟಿನಲ್ಲಿ ಸಂದು ಮುಚ್ಚುವ, ಅಂಗಿ ಗುಂಡಿಯಷ್ಟಿರುವ ತಾಮ್ರದ ವಾಷರ್. ಒಳ ಅಂಚಿನಿಂದ ಹೊರ ಅಂಚಿನ ತನಕ ಕೂದಲೆಳೆಯಷ್ಟು ಗೀರು. ಕಣ್ಣಿಗೆ ಸರಿಯಾಗಿ ಕಾಣಲ್ಲ, ಉಗುರು ಆಡಿಸಿದರೆ ತಡೆಯುತ್ತದೆ. ಬಿಚ್ಚಿದ ವಾಷರ್ ಮತ್ತೆ ಹಾಕಲೇಬಾರದು. ಹಾಕಲೇಬಾರದು ಅಂದರೆ... ಇಲ್ಲ, ಪೂರ್ತಿ ಹಾಗೆ ಹೇಳುವುದೂ ತಪ್ಪು. ಹೊಸದು ಸಿಗದ ಜಾಗದಲ್ಲಿ ಹಳೇದನ್ನೇ ಕೆಂಪಗೆ ಕಾಯಿಸಿ ಆರಿಸಿ ನಾನೂ ಹಾಕಿದ್ದೇನೆ. ಒತ್ತಿ ಒತ್ತಿ ಗಟ್ಟಿಯಾದ ತಾಮ್ರ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಗೀರು ಬಿದ್ದದ್ದು ಮಾತ್ರ ಬೇಡ.

ಹಿಂದೆ ಮಣ್ಣು ಪುಡಿ ಮಾಡುವ ರೋಟವೇಟರ್ ಕಾಣುತ್ತಿದೆಯಲ್ಲ, ಅದಕ್ಕೆ ಎಂಜಿನ್ ಶಕ್ತಿ ಕೊಡುವ ತಿರುಗುವ ದಂಡ, ಪಿಟಿಓ ಶಾಫ್ಟ್, ಅದರ ಮೇಲೆ ಗಾರ್ಡ್ ಇಲ್ಲ, ಅಂದರೆ ಮುಚ್ಚುವ ಕವಚ ಇಲ್ಲ. ಇದನ್ನು ಹೇಳದೆ ಮುಂದೆ ಹೋಗಲಾರೆ. ನಿಮಿಷಕ್ಕೆ 540 ಸುತ್ತು, ಅಂದರೆ ಒಂದು ಸೆಕೆಂಡಿಗೆ 9 ಸುತ್ತು. ಬಟ್ಟೆಯ ತುದಿ ಸಿಕ್ಕಿದರೆ ಹಿಂದಕ್ಕೆ ಎಳೆದುಕೊಳ್ಳಲು ಸಮಯವೇ ಇರಲ್ಲ. ಗಾರ್ಡ್ ಮುರಿದರೆ ಹೊಸದು ಹಾಕಿಸಿ, ಸುಮ್ನೆ ಬಿಚ್ಚಿ ಮೂಲೆಗೆ ಎಸೆಯಬೇಡಿ. ಜಾಯಿಂಟಿಗೆ ಗ್ರೀಸ್ ಹೊಡೆಯುವಾಗಲೂ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ಇನ್ನೂ ಹೇಳುವುದಿದೆ, ಆದರೆ ಶಾಟ್ ಮುಗಿಯುತ್ತಾ ಬಂತು.

ಎರಡೂ ಬದಿಗೆ ಹೊಸ ವಾಷರ್ ಹಾಕಿ, ಏರ್ ತೆಗೆದು, ಈಗ 40 ನಿಮಿಷ ಆಯಿತು. ಶಬ್ದ ಕೇಳಿ, ಒಂದೇ ಸಮ ಇದೆ ಅಲ್ವಾ? ಅರ್ಧಕ್ಕೆ ಬಿಟ್ಟ ಜಾಗಕ್ಕೆ ಹೊರಟಿದ್ದ ಯಜಮಾನರನ್ನು ತಡೆದಿದ್ದೇನೆ. ಗಾರ್ಡ್ ತರಲು ಅವರ ತಮ್ಮ ಹೋಗಿದ್ದಾನೆ, ಅದು ಬರಲಿ. ಅಷ್ಟರಲ್ಲಿ ಇನ್ನೊಂದು ಫೋನ್, ಯಾರದೋ ಟ್ರಾಕ್ಟರಿನ ಲಿಫ್ಟ್, ಹಿಂದಿನ ಉಪಕರಣ ಎತ್ತುವ ಭಾಗ, ಏಳುತ್ತಿಲ್ಲವಂತೆ. ಗಾರ್ಡ್ ಕೂರಿಸಿ, ಬೆಳಕಿರುವಾಗಲೇ ಅಲ್ಲಿಗೆ ಮುಟ್ಟಬೇಕು.