ಗಾಡಿ ತಾಗಿತು, ಠಾಣೆಗೆ ತಿಳಿಸಿದಿರಾ?

ಕೇಳುಗರಿಗೆ ನಮಸ್ಕಾರ.

ರಸ್ತೆಯಲ್ಲಿ ಸಣ್ಣದೊಂದು ಅಪಘಾತವಾದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಪೊಲೀಸು ಗಿಲೀಸು ಯಾಕೆ, ಇಲ್ಲೇ ಮುಗಿಸಿಕೊಳ್ಳೋಣ ಬಿಡಿ." ಮುಗಿಸಿಕೊಳ್ಳಿ, ಬೇಡ ಅನ್ನುವವರು ಯಾರು? ಆದರೆ ಅಲ್ಲಿಗೆ ಕಾನೂನಿನ ಲೆಕ್ಕವೂ ಚುಕ್ತಾ ಆಯಿತು ಅಂದುಕೊಳ್ಳುತ್ತೇವಲ್ಲ, ಪೇಚಾಟ ಶುರುವಾಗುವುದೇ ಅಲ್ಲಿ.

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ತಿರುವಿನಲ್ಲಿ ಸ್ಕೂಟರಿನ ಹ್ಯಾಂಡಲ್ ತಾಗಿ ಹಿರಿಯರೊಬ್ಬರು ಬೀಳುತ್ತಾರೆ. ಎದ್ದು ಬಟ್ಟೆ ಕೊಡವಿಕೊಂಡು, "ಏನಾಗಿಲ್ಲ, ಹೋಗಪ್ಪಾ" ಅನ್ನುತ್ತಾರೆ. ಸವಾರ ಕೈಮುಗಿದು, ಔಷಧಿಗೆಂದು ಒಂದಿಷ್ಟು ದುಡ್ಡು ಕೊಟ್ಟು ಹೊರಡುತ್ತಾನೆ. ರಾತ್ರಿ ಅವರ ಮಣಿಕಟ್ಟು ಊದಿಕೊಳ್ಳುತ್ತದೆ, ಮಾರನೆಯ ದಿನ ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಬಿಟ್ಟಿರುವುದು ಕಾಣುತ್ತದೆ. "ಹೇಗಾಯಿತು?" ಎಂದು ವೈದ್ಯರು ಕೇಳುತ್ತಾರೆ. "ಗಾಡಿ ಗುದ್ದಿತು" ಎಂದರೆ ಸಾಕು, ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ, ಎಂದು ಬರೆದುಕೊಂಡು ಠಾಣೆಗೆ ಸುದ್ದಿ ಮುಟ್ಟಿಸುತ್ತಾರೆ. ಅಂಗಡಿಯೊಂದರ ಕ್ಯಾಮೆರಾದಲ್ಲಿ ಸ್ಕೂಟರಿನ ನಂಬರು ಸಿಗುತ್ತದೆ. ಎಫ್‌ಐಆರ್‌ನಲ್ಲಿ ಅಜಾಗರೂಕ ಚಾಲನೆಯ ಕಲಮುಗಳ ಜೊತೆಗೆ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ: "ಕಲಂ 134 ಎ, ಬಿ ಸಹಿತ 187, ಐ.ಎಂ.ವಿ. ಆಕ್ಟ್."

ಆ ಸಾಲಿನ ಮೂಲ 1988ರ ಮೋಟಾರು ವಾಹನ ಕಾಯ್ದೆ. ಅದರ 134ನೇ ಕಲಮಿನ ಪ್ರಕಾರ, ವಾಹನ ಅಪಘಾತದಲ್ಲಿ ಯಾರಿಗಾದರೂ ಗಾಯವಾದರೆ ಅಥವಾ ಬೇರೆಯವರ ಆಸ್ತಿಗೆ ಹಾನಿಯಾದರೆ ಚಾಲಕನಿಗೆ ಕೆಲವು ಕರ್ತವ್ಯಗಳಿವೆ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡಬೇಕು. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ಏನೇ ಆದರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ನಡೆದದ್ದನ್ನು ತಿಳಿಸಬೇಕು. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಆಸ್ತಿ ಎಂಬ ಪದವನ್ನು ಗಮನಿಸಿ. ನಿಲ್ಲಿಸಿದ್ದ ಯಾರದೋ ಕಾರಿನ ಬಾಗಿಲು ನಿಮ್ಮ ಬಂಪರ್ ತಾಗಿ ನೆಗ್ಗಿದರೂ ಈ ಕಲಂ ಅನ್ವಯಿಸುತ್ತದೆ. ರಕ್ತ ಬಂದರೆ ಮಾತ್ರ ಅಪಘಾತ ಎಂಬ ನಂಬಿಕೆಗೆ ಕಾಯ್ದೆಯಲ್ಲಿ ಆಧಾರವಿಲ್ಲ.

ಜನ ಸುತ್ತುವರಿದು ಹೊಡೆಯಲು ಬಂದರೆ? ಕಾಯ್ದೆ ಬರೆದವರಿಗೆ ಈ ಭಯ ಗೊತ್ತಿತ್ತು. ಗುಂಪಿನ ಆಕ್ರೋಶದಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲಾಗದಿದ್ದರೆ ಅದಕ್ಕೆ ವಿನಾಯಿತಿ ಇದೆ. ಆದರೆ ಯಾಕೆ ಆಗಲಿಲ್ಲ ಎಂಬುದನ್ನೂ ಠಾಣೆಯಲ್ಲಿ ಹೇಳಬೇಕು. ಅಲ್ಲಿಂದ ಪಾರಾಗಿ ನೇರ ಠಾಣೆಗೆ ಹೋದವನಿಗೂ ಮನೆಗೆ ಹೋಗಿ ಗಾಡಿಗೆ ಹೊದಿಕೆ ಹಾಕಿದವನಿಗೂ ಇರುವ ಅಂತರ ಇದೇ.

ತಿಳಿಸದಿದ್ದರೆ 187ನೇ ಕಲಂ. ಮೊದಲು 3 ತಿಂಗಳ ಸೆರೆ, 500 ರೂಪಾಯಿ ದಂಡದ ಮಿತಿ ಇತ್ತು. 2019ರ ತಿದ್ದುಪಡಿಯ ನಂತರ 6 ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಅದೇ ಅಪರಾಧ ಸಾಬೀತಾದರೆ ಒಂದು ವರ್ಷ, 10,000 ರೂಪಾಯಿ. ನನ್ನನ್ನು ಕೇಳಿದರೆ ದಂಡಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇದೆ. ಅಜಾಗರೂಕತೆಯನ್ನು ಸಾಬೀತು ಮಾಡಲು ಪೊಲೀಸರು ಸಾಕ್ಷಿ, ನಕ್ಷೆ, ವಾಹನ ತಪಾಸಣೆಯ ವರದಿ ಎಲ್ಲ ಒದಗಿಸಬೇಕು. ಅಲ್ಲಿ ವಾದಕ್ಕೆ ಜಾಗವಿದೆ. ಠಾಣೆಗೆ ತಿಳಿಸಲಿಲ್ಲ ಎಂಬುದಕ್ಕೆ ಅಷ್ಟೆಲ್ಲ ಬೇಡ, ಠಾಣೆಯ ದಾಖಲೆಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಆಯಿತು. ಚಾಲನೆಯಲ್ಲಿ ನಿಮ್ಮ ತಪ್ಪೇ ಇಲ್ಲದಿದ್ದರೂ ಈ ಅಪರಾಧ ಬೇರೆಯಾಗಿ ನಿಲ್ಲುತ್ತದೆ.

ಹತ್ತು ವರ್ಷ ಜೈಲಂತೆ ಎಂದು ಹೆದರುವವರೂ ಇದ್ದಾರೆ. ಆ ಮಾತು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಎರಡನೇ ಉಪವಿಧಿಯದು. ಸಾವು ಸಂಭವಿಸಿ, ಚಾಲಕ ತಿಳಿಸದೆ ಪರಾರಿಯಾದ ಪ್ರಕರಣಗಳಿಗಷ್ಟೇ ಅದು ಸಂಬಂಧಪಟ್ಟದ್ದು. 2024ರ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಲಾರಿ ಚಾಲಕರ ವಿರೋಧದ ಕಾರಣ ಅದೊಂದನ್ನು ತಡೆಹಿಡಿಯಲಾಯಿತು. ತರಚುಗಾಯದ ಪ್ರಕರಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಠಾಣೆಯಲ್ಲಿ ಏನು ಮಾಡಬೇಕು? ದಿನಾಂಕ, ಸಮಯ, ಸ್ಥಳ, ಎರಡೂ ವಾಹನಗಳ ನಂಬರು, ಯಾರಿಗೆ ಏನಾಯಿತು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು ಹಾಕಿಸಿಕೊಳ್ಳಿ, ಇಲ್ಲವೇ ಹಿಂಬರಹ ಕೇಳಿ. ರಾಜಿಯಾಗಿದ್ದರೆ ಅದನ್ನೂ ಬರೆಯಿರಿ. "ಇಷ್ಟಕ್ಕೆಲ್ಲ ಯಾಕೆ ಬಂದ್ರಿ" ಎಂಬ ಮಾತು ಕೇಳಬೇಕಾಗಬಹುದು, ಕೇಳಿಸಿಕೊಳ್ಳಿ, ಆದರೆ ಮೊಹರು ಬೀಳುವವರೆಗೆ ಏಳಬೇಡಿ. ವಿಮಾ ಕಂಪನಿಗೂ ಆ ಪ್ರತಿಯನ್ನು ಕಳಿಸಿ. ತಡವಾಗಿದ್ದರೂ ಕಳಿಸಿ. ತಡ ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೈಮನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸೂಚಿಸಿದೆ.

ಇನ್ನೊಂದು ವಿಷಯ. ಗಾಡಿ ನಿಮ್ಮ ಹೆಸರಿನಲ್ಲಿದ್ದು ಓಡಿಸಿದ್ದು ಮಗನೋ ಡ್ರೈವರೋ ಆಗಿದ್ದರೆ, ಪೊಲೀಸರು ಕೇಳಿದಾಗ ಅವರ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡುವುದು 133ನೇ ಕಲಮಿನ ಪ್ರಕಾರ ಮಾಲೀಕರ ಹೊಣೆ. ಮುಚ್ಚಿಟ್ಟರೆ ಅದೇ 187ನೇ ಕಲಂ, ಈ ಸಲ ನಿಮ್ಮ ಮೇಲೆ.

ನಮಸ್ಕಾರ.