60 ದಿನದಲ್ಲಿ 22 ದಿನ ಮರ್ಯಾದೆಗೇ ಹೋದವು

ನಮಸ್ಕಾರ. ಪುಣೆಯ ಕೋಥ್ರೂಡಿನ ನಮ್ಮ ಮನೆಯಿಂದ ಮಾತಾಡುತ್ತಿದ್ದೇನೆ. ಇವತ್ತು ನನ್ನ ತಮ್ಮನ ವಿಷಯ. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳಕ್ಕಾ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದ.

ಅವನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ. ಎಚ್1ಬಿ, ಅಂದರೆ ಅಲ್ಲಿನ ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ, ಮೂರನೇ ವರ್ಷ. ಪ್ರತಿ ಭಾನುವಾರ ಬೆಳಿಗ್ಗೆ ನಮಗೆ ವಿಡಿಯೋ ಕಾಲ್ ಮಾಡುತ್ತಿದ್ದ. ಅಲ್ಲಿ ಆಗ ಶನಿವಾರ ರಾತ್ರಿ. ಅವ್ವ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದಳು. ಅವನ ಬೆನ್ನ ಹಿಂದೆ ಮೇಜು ಕಾಣುತ್ತಿತ್ತು. ಮೇಜಿನ ಮೇಲೆ ಆಫೀಸ್ ಲ್ಯಾಪ್‌ಟಾಪ್, ಕುರ್ಚಿಗೆ ನೇತುಹಾಕಿದ ನೀಲಿ ದಾರದ ಬ್ಯಾಡ್ಜ್. 2025ರ ಮೇ ತಿಂಗಳ ಒಂದು ಭಾನುವಾರ ಎರಡೂ ಇರಲಿಲ್ಲ. ನನ್ನ ಕಣ್ಣಿಗೆ ಬಿತ್ತು, ಆದರೆ ಕೇಳಲಿಲ್ಲ. ಮುಂದಿನ ವಾರವೂ ಇರಲಿಲ್ಲ. "ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟೀನಿ" ಅಂದ. ಇನ್ನೊಂದು ಭಾನುವಾರ ಹಾಗೇ ಹೋಯಿತು. ಅದಾದ ಮೇಲೆ ಒಂದು ರಾತ್ರಿ ನನಗೊಬ್ಬಳಿಗೇ ಫೋನ್ ಬಂತು. "ಅಕ್ಕಾ, ನೌಕರಿ ಹೋಗಿ 22 ದಿನ ಆತು. ಅವ್ವಗ ಹೇಳಬ್ಯಾಡ."

ಈ 22 ದಿನದ ಬೆಲೆ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು.

ಎಚ್1ಬಿಯಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಅಲ್ಲಿರಬಹುದು. ಗ್ರೇಸ್ ಪೀರಿಯಡ್ ಅನ್ನುತ್ತಾರೆ. ಈ ನಿಯಮ ಜಾರಿಗೆ ಬಂದದ್ದೇ 2017ರ ಜನವರಿಯಲ್ಲಿ. ಲೆಕ್ಕ ಶುರುವಾಗುವುದು ಸಾಮಾನ್ಯವಾಗಿ ಸಂಬಳ ಸಿಕ್ಕ ಕೊನೆಯ ದಿನದ ಮಾರನೇ ದಿನದಿಂದ. ಶನಿವಾರ, ಭಾನುವಾರ, ಹಬ್ಬ ಎಲ್ಲ ಸೇರಿಯೇ 60. ಕೆಲಸದಿಂದ ತೆಗೆಯುವಾಗ ಕಂಪನಿ ಕೈಗಿಡುವ ಸೆವೆರನ್ಸ್ ದುಡ್ಡಿನಿಂದ ಈ ದಿನಗಳು ಒಂದೂ ಜಾಸ್ತಿ ಆಗುವುದಿಲ್ಲ. ಐ-94, ಅಂದರೆ ಯಾವ ದಿನದ ತನಕ ಅಲ್ಲಿರಬಹುದು ಅಂತ ತೋರಿಸುವ ದಾಖಲೆ, ಅದಕ್ಕೂ ಮೊದಲು ಮುಗಿದರೆ 60 ಕೂಡ ಸಿಗುವುದಿಲ್ಲ. ನಮ್ಮಪ್ಪ ಕೇಳಿದ ಮೊದಲ ಮಾತು, "ಪಾಸ್‌ಪೋರ್ಟಿನ್ಯಾಗ ವೀಸಾ ಸೆಪ್ಟೆಂಬರ್ ತನಕ ಐತಲ್ಲ, ಮತ್ತ್ಯಾಕ ಚಿಂತಿ?" ಬಹಳ ಮನೆಗಳಲ್ಲಿ ಹೀಗೇ ಅಂದುಕೊಂಡಿದ್ದಾರೆ. ಆ ಸ್ಟಾಂಪ್ ಇರುವುದು ಬಾಗಿಲು ದಾಟಿ ಒಳಗೆ ಹೋಗಲು. ಒಳಗೆ ಉಳಿಯಲು ಕೆಲಸ ಬೇಕು.

ಇಲ್ಲಿ ಪುಣೆಯ ಐಟಿ ಕಂಪನಿಗಳಿರುವ ಹಿಂಜೆವಾಡಿಯಲ್ಲಿ ನೌಕರಿ ಹೋದರೆ ಬಾಡಿಗೆ ಮತ್ತು ಇಎಂಐ ಚಿಂತೆ. ಅದೇನು ಸಣ್ಣ ಚಿಂತೆಯಲ್ಲ. ಆದರೆ ವಾಕಡ್‌ನ ಫ್ಲ್ಯಾಟ್ ಬಿಟ್ಟು 2 ತಿಂಗಳಲ್ಲಿ ದೇಶ ಖಾಲಿ ಮಾಡು ಅಂತ ಯಾರೂ ಹೇಳುವುದಿಲ್ಲ.

ಇನ್ನು 60 ದಿನ ಅಂದರೆ ಕೆಲಸ ಹುಡುಕಲು 60 ದಿನ ಅಂತಲೂ ಅಲ್ಲ. ಹೊಸ ಕಂಪನಿ ಆಫರ್ ಕೊಡಬೇಕು. ಆಮೇಲೆ ಅವರ ವಕೀಲರು ಮೊದಲು ಅಲ್ಲಿನ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಅನ್ನುವ ಒಪ್ಪಿಗೆ ಪತ್ರ ತರಿಸಬೇಕು. ಅದಕ್ಕೇ 7 ಕೆಲಸದ ದಿನ. ಆಮೇಲೆ ಎಚ್1ಬಿ ಅರ್ಜಿ. ಆ ಅರ್ಜಿ 60ನೇ ದಿನದೊಳಗೆ ವಲಸೆ ಇಲಾಖೆಗೆ ತಲುಪಿದರೆ ಸಾಕು, ಒಪ್ಪಿಗೆಗೆ ಕಾಯದೆ ಕೆಲಸಕ್ಕೆ ಸೇರಬಹುದು. ಹಾಗಾಗಿ ನಿಜವಾಗಿ 45ನೇ ದಿನದ ಹೊತ್ತಿಗೆ ಕೈಯಲ್ಲಿ ಆಫರ್ ಇರಬೇಕು. ಅದರಲ್ಲಿ 22 ಕಳೆಯಿರಿ. ಉಳಿದದ್ದು 23 ದಿನ. ಅಷ್ಟರಲ್ಲಿ 4-5 ಸುತ್ತು ಇಂಟರ್‌ವ್ಯೂ ಮುಗಿಯಬೇಕು!

ಹಾಗಾದರೆ ಆ 22 ದಿನ ಅವನು ಏನು ಮಾಡಿದ? ರಾತ್ರಿಯೆಲ್ಲಾ ಕೂತು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ. ಗುರುತಿದ್ದ ಯಾರಿಗೂ ಹೇಳಲಿಲ್ಲ. ಅಲ್ಲಿನ ಕನ್ನಡ ಕೂಟದಲ್ಲಿ ಅವನಿಗೆ ನೂರಾರು ಜನ ಪರಿಚಯ. ಅರ್ಧಕ್ಕರ್ಧ ಜನ ದೊಡ್ಡ ಕಂಪನಿಗಳಲ್ಲಿ ಇರುವವರು. ಒಬ್ಬರನ್ನೂ ಕೇಳಲಿಲ್ಲ. ಯಾಕೆ ಗೊತ್ತಾ? ಕೂಟದಲ್ಲಿ ಒಬ್ಬರಿಗೆ ಹೇಳಿದರೆ ಸಂಜೆಯೊಳಗೆ ಪುಣೆಗೆ ಸುದ್ದಿ. ಪುಣೆಯಿಂದ ಧಾರವಾಡಕ್ಕೆ ಇನ್ನೊಂದು ಗಂಟೆ.

ಇದರಲ್ಲಿ ಅವನದೇ ತಪ್ಪು ಅಂತ ನಾನು ಹೇಳುವುದಿಲ್ಲ. ತಪ್ಪು ನಮ್ಮದು, ಮನೆಯವರದ್ದು. ಆಗ ನಾವು ಅವನಿಗೆ ಹೆಣ್ಣು ನೋಡುತ್ತಿದ್ದೆವು. ಬಯೋಡಾಟಾ ನಾನೇ ಟೈಪ್ ಮಾಡಿದ್ದೆ. ಹೆಸರು, ಎತ್ತರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಎಚ್1ಬಿ, ನ್ಯೂಜೆರ್ಸಿ". ಅವನ ಓದು ಅದರ ಕೆಳಗೆ. ಅವನಿಗೆ ಹಾಡು ಇಷ್ಟ, ಅಡುಗೆ ಚೆನ್ನಾಗಿ ಮಾಡುತ್ತಾನೆ ಅನ್ನುವುದು ಎಲ್ಲೂ ಇಲ್ಲ. ವೀಸಾವನ್ನೇ ಹುಡುಗ ಅಂತ ಬರೆದು 30-40 ಮನೆಗೆ ವಾಟ್ಸಾಪ್ ಮಾಡಿದ್ದೆವು. ಆ ಒಂದು ಸಾಲು ಸುಳ್ಳಾದ ದಿನ ಅವನು ಯಾವ ಬಾಯಿಂದ ನಮಗೆ ಹೇಳಬೇಕಿತ್ತು?

ಬೇಡ ಅಂದಿದ್ದರೂ ನಾನು ಆ ರಾತ್ರಿಯೇ ಅವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ, "ಮೊದಲ ಆ ಬಯೋಡಾಟಾ ಕಳಸೂದು ನಿಲ್ಲಸು. ಅವನಿಗೆ ಹೇಳು, ನಿಲ್ಲಿಸೇವಿ ಅಂತ" ಅಂದಳು. ನಾನು ಹಾಗೇ ಹೇಳಿದೆ. ಆ ಕಡೆಯಿಂದ ಎಷ್ಟೋ ಹೊತ್ತು ಮಾತಿಲ್ಲ. ಮಾರನೇ ದಿನ ಅವನೇ ಕೂಟದ ಗ್ರೂಪಿನಲ್ಲಿ ಬರೆದ, ಕೆಲಸ ಹೋಗಿದೆ, ಇಷ್ಟು ದಿನ ಉಳಿದಿದೆ ಅಂತ. ಎರಡೇ ದಿನದಲ್ಲಿ 4 ರೆಫರಲ್, ಅಂದರೆ ತಮ್ಮ ಕಂಪನಿಗೆ ಶಿಫಾರಸು, ಬಂದವು. ಒಬ್ಬರು ಅವನನ್ನು ಮನೆಗೇ ಕರೆಸಿಕೊಂಡು ಇಂಟರ್‌ವ್ಯೂಗೆ ತಯಾರಿ ಮಾಡಿಸಿದರು. ಅಷ್ಟೂ ಜನ ಮೊದಲ ದಿನವೂ ಅಲ್ಲೇ ಇದ್ದರು.

ಆಫರ್ ಬಂದದ್ದು 51ನೇ ದಿನ. 60ರೊಳಗೆ ಅರ್ಜಿ ಹಾಕಲು ಆಗುವುದಿಲ್ಲ ಅಂದರು ಆ ಕಂಪನಿಯ ವಕೀಲರು. 58ನೇ ದಿನ ಇವನು ತಾನೇ ಬಿ-2ಗೆ, ಅಂದರೆ ವಿಸಿಟರ್ ಸ್ಟೇಟಸ್‌ಗೆ ಬದಲಾಯಿಸಿ ಅಂತ ಅರ್ಜಿ ಹಾಕಿದ. ಗಡುವಿನೊಳಗೆ ಹಾಕಿದರೆ ತೀರ್ಮಾನ ಬರುವವರೆಗೆ ಅಲ್ಲಿರಬಹುದು, ಕೆಲಸ ಮಾತ್ರ ಮಾಡುವ ಹಾಗಿಲ್ಲ. ಆ ಮೇಲೆ ಹೊಸ ಕಂಪನಿ ಎಚ್1ಬಿ ಅರ್ಜಿ ಹಾಕಿದರೂ ಒಪ್ಪಿಗೆ ಬಂದ ಮೇಲೆಯೇ ಸೇರಬೇಕು. ಅಲ್ಲಿಯವರೆಗೆ ಕಾಯಲು ಕಂಪನಿ ತಯಾರಿರಲಿಲ್ಲ. ಆಗಸ್ಟಿನಲ್ಲಿ ವಾಪಸ್ ಬಂದ.

ಮುಂದಿನ ತಿಂಗಳೇ, ಸೆಪ್ಟೆಂಬರ್ 21ರಿಂದ, ಅಮೆರಿಕದಲ್ಲಿ ಹೊಸ ಆದೇಶ ಜಾರಿಗೆ ಬಂತು. ಅಮೆರಿಕದ ಹೊರಗಿದ್ದು, ಚಾಲ್ತಿಯಲ್ಲಿರುವ ಎಚ್1ಬಿ ಸ್ಟಾಂಪ್ ಇಲ್ಲದವರಿಗೆ ಹೊಸ ಅರ್ಜಿ ಹಾಕುವ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು ಅಂತ ಆ ಆದೇಶ ಹೇಳಿತು. ಅವನ ಸ್ಟಾಂಪ್ ಇದ್ದದ್ದೇ ಆ ಸೆಪ್ಟೆಂಬರ್ ತನಕ. ಎಚ್1ಬಿಯಲ್ಲಿ ಸಿಗುವ 6 ವರ್ಷದ ಲೆಕ್ಕದಲ್ಲಿ ಅವನಿಗೆ ಇನ್ನೂ 3 ವರ್ಷ ಬಾಕಿ ಇವೆ, ಎಚ್1ಬಿಗೆ ಆಯ್ಕೆ ಮಾಡುವ ಲಾಟರಿಯೂ ಮತ್ತೆ ಬೇಕಿಲ್ಲ. ಆದರೆ ಅಷ್ಟು ದುಡ್ಡು ಕೊಟ್ಟು ಅವನನ್ನು ಯಾರು ಕರೆಸಿಕೊಳ್ಳುತ್ತಾರೆ?

ಎಲ್ಲ ದೇಶದಲ್ಲೂ ಇಷ್ಟೇ ದಿನ ಅಂತೇನಿಲ್ಲ. ಸಿಂಗಾಪುರದಲ್ಲಿ ಎಂಪ್ಲಾಯ್‌ಮೆಂಟ್ ಪಾಸ್ ರದ್ದಾದರೆ ಸಾಮಾನ್ಯವಾಗಿ 30 ದಿನ. ನೆದರ್ಲೆಂಡ್ಸ್‌ನಲ್ಲಿ ಸಾಮಾನ್ಯವಾಗಿ 3 ತಿಂಗಳು. ಆಸ್ಟ್ರೇಲಿಯಾದಲ್ಲಿ ಮೊದಲು 60 ದಿನ ಇತ್ತು, 2024ರ ಜುಲೈಯಿಂದ ಒಂದು ಸಲಕ್ಕೆ 180 ದಿನ ಮಾಡಿದ್ದಾರೆ. ನನ್ನ ಪ್ರಕಾರ ಅದು ಮನುಷ್ಯರಿಗೆ ಸರಿಯಾದ ಅಳತೆ. ಮಕ್ಕಳ ಶಾಲೆ, ಮನೆ, ಕಾರು ಎಲ್ಲವನ್ನೂ 60 ದಿನದಲ್ಲಿ ಮುಗಿಸು ಅನ್ನುವುದು ಕ್ರೂರ.

ಕಾನೂನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನು ಹೇಳುತ್ತೇನೆ. ಕೆಲಸ ಹೋಗುವ ಸೂಚನೆ ಸಿಕ್ಕ ದಿನವೇ ಪೇ ಸ್ಲಿಪ್ ಮತ್ತು ಐ-797, ಅಂದರೆ ಎಚ್1ಬಿ ಒಪ್ಪಿಗೆ ಪತ್ರ, ಇವುಗಳ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ತಮ್ಮನ ಲ್ಯಾಪ್‌ಟಾಪ್ ಆ ಮೀಟಿಂಗ್ ಮುಗಿಯುವುದರೊಳಗೆ ಲಾಕ್ ಆಗಿತ್ತು. ಪೇ ಸ್ಲಿಪ್‌ಗಾಗಿ ಎಚ್‌ಆರ್ ಹಿಂದೆ 9 ದಿನ ಅಲೆದ. ಇನ್ನೊಂದು ಮಾತು, ಎಚ್1ಬಿ ಅವಧಿ ಮುಗಿಯುವ ಮೊದಲೇ ಕಂಪನಿ ತೆಗೆದುಹಾಕಿದರೆ ಊರಿಗೆ ಮರಳುವ ಪ್ರಯಾಣದ ಖರ್ಚನ್ನು ಅದೇ ಕೊಡಬೇಕು. ಕಾನೂನೇ ಇದೆ. ಸಂಕೋಚ ಬೇಡ, ಕೇಳಿ. ಇವನು ಕೇಳಿದ, ಕೊಟ್ಟರು.

ಮನೆಯವರಿಗೆ, ಅಂದರೆ ನನ್ನ ಹಾಗೆ ಇಲ್ಲಿ ಕೂತವರಿಗೆ, ಒಂದು ಕೆಲಸ. ನಿಮ್ಮ ಹುಡುಗನದೋ ಹುಡುಗಿಯದೋ ಬಯೋಡಾಟಾ ಫೋನಿನಲ್ಲಿದ್ದರೆ ಈಗಲೇ ತೆಗೆಯಿರಿ. ವೀಸಾದ ಸಾಲು ಅಳಿಸಿ. ಅಳಿಸಿದ್ದೇವೆ ಅಂತ ಅವರಿಗೂ ತಿಳಿಸಿ.

ತಮ್ಮ ಈಗ ಇಲ್ಲೇ ಪುಣೆಯ ಬಾಣೇರ್‌ನಲ್ಲಿ ಕೆಲಸಕ್ಕಿದ್ದಾನೆ. ಭಾನುವಾರ ಬೆಳಿಗ್ಗೆ ಅವ್ವನ ಪಕ್ಕ ಕೂತು ರೊಟ್ಟಿ ತಿನ್ನುತ್ತಾನೆ.

ಅಲ್ಲಿ ಯಾವುದೋ ಅಪಾರ್ಟ್‌ಮೆಂಟಿನಲ್ಲಿ, ಮೂರನೇ ದಿನವೋ ಹತ್ತನೇ ದಿನವೋ, ಯಾರಿಗೂ ಹೇಳದೆ ಇದನ್ನು ನೋಡುತ್ತಿರುವವರಿಗೆ ಹೇಳುತ್ತೇನೆ. ನಾನು ಇದನ್ನು ರೆಕಾರ್ಡ್ ಮಾಡುವಾಗ ಪುಣೆಯಲ್ಲಿ ರಾತ್ರಿ 9 ಗಂಟೆ. ನಿಮ್ಮವ್ವ ಇನ್ನೂ ಮಲಗಿರಲ್ಲ. ಫೋನ್ ಮಾಡಿ.